ನರ್ತಕಿ ರೀಟಾ ಹೇವರ್ತಳ ಚರಿತ್ರೆ

೧೯೪೬ನೆಯ ಇಸವಿ ಜುಲೈ ೧ನೆಯ ತಾರೀಖು ಅಮೆರಿಕಾ ಸಂಯುಕ್ತ ಸಂಸ್ಥಾನದವರು ಪೆಸಿಫಿಕ್ ಮಹಾಸಾಗರದಲ್ಲಿರುವ ಬಿಕಿನಿ ಎಂಬ ಹವಳದ ದ್ವೀಪದ ಬಳಿ ಪರೀಕ್ಷಾರ್ಥವಾಗಿ ಒಂದು ಅಣುಬಾಂಬನ್ನು ಕೆಡವಿದರು. ತಲೆತಲಾಂತರದಿಂದ ಆ ದ್ವೀಪದಲ್ಲಿ ವಾಸವಾಗಿದ್ದ ೧೬೭ ಮಂದಿ ನಿರ್ವಾಸಿಗಳನ್ನು ಅದೇ ವರ್ಷದ ಮಾರ್ಚಿ ತಿಂಗಳಲ್ಲಿಯೇ ಎಬ್ಬಿಸಿ ಬೇರೊಂದು ಬರಡು ದ್ವೀಪಕ್ಕೆ ಸಾಗಿಸಲಾಗಿತ್ತು. ಆ ಬಾಂಬಿನ ಮೈಮೇಲೆ ಸೈನಿಕರು ಒಬ್ಬ ಸುಂದರ ಸ್ತ್ರೀಯ ಚಿತ್ರವನ್ನು ಅಂಟಿಸಿ, ಅದರ ಬಳಿಯಲ್ಲಿ ‘ಗಿಲ್ಡಾ’ ಎಂಬ ಹೆಸರನ್ನು ಬರೆದಿದ್ದರು. ಆ ಹೆಸರು ಆಗ ತಾನೇ ದೇಶದಲ್ಲೆಲ್ಲ ಜನರನ್ನು ಮರುಳುಗೊಳಿಸಿದ್ದ ಒಂದು ಚಲಚ್ಚಿತ್ರದ ನಾಯಿಕೆಯದು. ಚಿತ್ರವು ಆ ಪಾತ್ರವನ್ನು ವಹಿಸಿದ್ದ ರೀಟಾ ಹೇವರ್ತ್ ಎಂಬ ನಟಿಯದು. ಸೈನಿಕರು ಇದನ್ನು ಗೌರವವೆಂದೇ ಎಣಿಸಿದ್ದರು. ಆದರೆ ಸುದ್ದಿಯು ಕಿವಿಗೆ ಬಿದ್ದಾಗ ಆಕೆಯು ರೋಷದಿಂದ ಉರಿದೆದ್ದಳೆಂದೂ, ಪತ್ರಕರ್ತರನ್ನು ಕರೆದು ತನ್ನ ಪ್ರತಿಭಟನೆಯನ್ನು ಸಾರಬೇಕೆಂದಿದ್ದಳೆಂದೂ, ದೇಶಾಭಿಮಾನಕ್ಕೆ ಕುಂದು ಎಂಬ ನೆಪವೊಡ್ಡಿ ಕಂಪೆನಿಯ ಯಜಮಾನನು ಆಕೆಯ ಬಾಯಿ ಕಟ್ಟಿದನೆಂದೂ ಆಗ ಆಕೆಯ ಪತಿಯಾಗಿದ್ದ ಆರ್ಸನ್ ವೆಲ್ಸನು ಅನಂತರ ಹೇಳಿದ್ದಾನೆ.

ಸಿನಿಮಾ ನಟಿಯೊಬ್ಬಳ ವೃತ್ತಾಂತಕ್ಕೆ ಈ ಪುಟದಲ್ಲಿ ಸ್ಥಳವೇಕೆಂದು ಕೆಲವು ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಹುದು. ತನ್ನ ಚಿತ್ರವನ್ನು ಯಾವುದರ ಮೇಲೆ ಅಂಟಿಸಬಹುದು, ಯಾವುದರ ಮೇಲೆ ಅಂಟಿಸಬಾರದು ಎಂದು ಹೇಳುವ ಅಧಿಕಾರವೂ ಒಬ್ಬ ಮನುಷ್ಯಳಿಗೆ ಉಳಿಯದಂತಹ ಏರ್ಪಾಡು ಸ್ವಾತಂತ್ರ್ಯದ ತವರೆಂದು ಕೊಚ್ಚಿಕೊಳ್ಳುವ ದೇಶವೊಂದರಲ್ಲಿ ಹೇಗೆ ಬೆಳೆಯಿತೆಂಬುದು ವಿಚಾರಾರ್ಹವೆಂದು ನಮಗೆ ತೋರುತ್ತದೆ.

ಆಕೆಯ ನಿಜನಾಮವು ಮಾರ್ಗರೀಟಾ ಕಾರ್ಮೆನ್ ಕಾನ್ಸಿನೋ. ಹುಟ್ಟಿದ್ದು ೧೯೧೮ನೆಯ ಇಸವಿ ಅಕ್ಟೋಬರ್ ೧೭ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ. ತಂದೆ ಎಡುವಾರ್ಡೋ ಕಾನ್ಸಿನೋ ಸ್ಪೆಯಿನ್ ದೇಶದ ಸೆವಿಲ್ ಪಟ್ಟಣದ ಸಮೀಪದವನು. ಅಜ್ಜ ಅಂಟೋನಿಯೋ ಆ ದೇಶದ ನೃತ್ಯದಲ್ಲಿ ಹೆಸರಾಂತ ಗುರು. ಎಡುವಾರ್ಡೋ ತನ್ನ ಸೋದರಿ ಎಲಿಸಾಳೊಡನೆ ಅಮೆರಿಕಾದ ವಿನೋದ ರಂಗಭೂಮಿಗಳಲ್ಲಿ ಕುಣಿದು ಹೆಸರು ಮಾಡಿದ್ದನು. ತಾಯಿ ವೋಲ್ಗಾ ಹೇವರ್ತ್ ಅಮೆರಿಕಾದವಳು, ಆಕೆಯೂ ರಂಗದ ಮೇಲೆ ಕುಣಿದವಳೇ. ಹೀಗೆ ಉಭಯ ಪಕ್ಷಗಳಲ್ಲಿಯೂ ನೃತ್ಯವೇ ಕುಲವೃತ್ತಿಯಾಗಿದ್ದ ಮನೆಯಲ್ಲಿ ಹುಟ್ಟಿದ ಮಗುವಿಗೆ ನಡೆಯಲು ಕಲಿತ ಹಾಗೆಯೇ ಹೆಜ್ಜೆ ಹಾಕಲೂ ಕಲಿಸಿದರು. ನಮ್ಮಲ್ಲಿ ಮನೆತನದ ವಿದ್ಯೆಯೆಂದರೆ ಹೇಗೋ ಅಲ್ಲಿಯೂ ಹಾಗೆಯೇ. ಮಗುವಿಗೆ ಇಷ್ಟವಿದೆಯೇ ಎಂದು ಕೇಳುವ ಪದ್ಧತಿಯಿಲ್ಲ.

ಮಾತನಾಡುವ ಚಿತ್ರಗಳು ಬಂದು ವಿನೋದ ರಂಗಭೂಮಿಯು ಕ್ಷೀಣಿಸಿತು. ಕುಟುಂಬವು ಕ್ಯಾಲಿಫೋರ್ನಿಯಾಕ್ಕೆ ಬಂದು ನೃತ್ಯಶಾಲೆಯನ್ನು ತೆರೆಯಿತು. ೧೯೨೯ರ ಆರ್ಥಿಕ ವಿಪತ್ತಿನಲ್ಲಿ ಅದೂ ಕುಸಿಯಿತು. ಆಗ ಎಡುವಾರ್ಡೋ ಇನ್ನೂ ಬಾಲಿಕೆಯಾಗಿದ್ದ ಮಗಳನ್ನೇ ತನ್ನ ಜೊತೆಗಾತಿಯನ್ನಾಗಿ ಮಾಡಿಕೊಂಡು ಕುಣಿಯಲಾರಂಭಿಸಿದನು. ಸ್ಪೆಯಿನಿನವಳೆಂದು ಎದ್ದು ಕಾಣಲೆಂದು ಆಕೆಯ ಕಂದುಗೂದಲಿಗೆ ಕಪ್ಪು ಬಣ್ಣ ಹಚ್ಚಲಾಯಿತು. ಮದ್ಯ ಮಾರುವ ಸ್ಥಳಗಳಲ್ಲಿ ಅಪ್ರಾಪ್ತ ವಯಸ್ಕರು ಕುಣಿಯಕೂಡದೆಂದು ಕ್ಯಾಲಿಫೋರ್ನಿಯಾದ ಕಾನೂನು ನಿಷೇಧಿಸಿದ್ದುದರಿಂದ, ಗಡಿಯನ್ನು ದಾಟಿ ಮೆಕ್ಸಿಕೋ ದೇಶದ ಟಿಹುವಾನಾ, ಆಗ್ವಾ ಕಾಲಿಯೆಂಟೆ ಮೊದಲಾದ ಜೂಜುಕಟ್ಟೆಗಳಲ್ಲಿ ಪ್ರದರ್ಶನಗಳು ನಡೆದವು. ಶಾಲೆಯು ಒಂಬತ್ತನೆಯ ತರಗತಿಗೆ ನಿಂತಿತು. ಸಂಸಾರದ ಅನ್ನವು ಹುಡುಗಿಯ ಕಾಲುಗಳ ಮೇಲೆ ನಿಂತಿತು.

ಇಂತಹ ಒಂದು ಪ್ರದರ್ಶನವನ್ನು ಕಂಡ ಫಾಕ್ಸ್ ಕಂಪೆನಿಯ ವಿನ್ಫೀಲ್ಡ್ ಶೀಹನ್ ಎಂಬ ಅಧಿಕಾರಿಯು ಆಕೆಯನ್ನು ಚಿತ್ರಗಳಿಗೆ ಕರೆದುಕೊಂಡನು. ೧೯೩೫ರಲ್ಲಿ ಬಂದ ‘ಡಾಂಟೆಯ ನರಕ’ ಎಂಬರ್ಥದ ಚಿತ್ರದಲ್ಲಿ ಕುಣಿದಳು. ಅದೇ ವರ್ಷ ಚಾರ್ಲಿ ಚಾನ್ ಎಂಬ ಪತ್ತೇದಾರನ ಚಿತ್ರವೊಂದರಲ್ಲಿ ಈಜಿಪ್ಟಿನ ಹುಡುಗಿಯಾದಳು. ಅಮೆರಿಕಾದ ಆದಿನಿವಾಸಿಗಳ ರಕ್ತವುಳ್ಳ ‘ರಾಮೋನಾ’ ಎಂಬ ನಾಯಿಕೆಯ ಪಾತ್ರವನ್ನು ಕೊಡುವ ಮಾತೂ ಆಗಿತ್ತು. ಅಷ್ಟರಲ್ಲಿ ಕಂಪೆನಿಯು ಇನ್ನೊಂದರೊಡನೆ ಸೇರಿ ಯಜಮಾನರು ಬದಲಾದರು. ಪಾತ್ರವು ಲೊರೆಟಾ ಯಂಗ್ ಎಂಬ ಪ್ರಸಿದ್ಧ ನಟಿಯ ಪಾಲಾಯಿತು. ಕಾನ್ಸಿನೋಳ ಕೆಲಸವು ಹೋಯಿತು. ನಮ್ಮ ಸರಕಾರಿ ಕಚೇರಿಗಳಲ್ಲಿ ಮೇಲಧಿಕಾರಿಯು ವರ್ಗವಾದಾಗ ಅವನು ನೇಮಿಸಿದ ಗುಮಾಸ್ತರ ಗತಿಯೇನಾಗುವುದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

೧೯೩೭ರಲ್ಲಿ ಹದಿನೆಂಟು ವರ್ಷದ ಈಕೆಯನ್ನು ಎಡ್ವರ್ಡ್ ಜಡ್ಸನ್ ಎಂಬ, ಆಕೆಗಿಂತ ಇಮ್ಮಡಿಗೂ ಹೆಚ್ಚು ವಯಸ್ಸಿನ ವ್ಯಾಪಾರಿಯು ಮದುವೆಯಾದನು. ಪತಿಯೆನ್ನುವುದಕ್ಕಿಂತ ದಲ್ಲಾಳಿಯೆನ್ನುವುದೇ ಲೇಸು. ಅದೇ ವರ್ಷ ಹ್ಯಾರಿ ಕೋನ್ ಎಂಬವನ ಯಾಜಮಾನ್ಯದಲ್ಲಿದ್ದ ಕೊಲಂಬಿಯಾ ಕಂಪೆನಿಯೊಡನೆ ಏಳು ವರ್ಷಗಳ ಕರಾರು ಏರ್ಪಟ್ಟಿತು. ಅಂದಿನಿಂದ ಒಬ್ಬ ಹುಡುಗಿಯನ್ನು ಕಡೆದು ಇನ್ನೊಬ್ಬ ಹುಡುಗಿಯನ್ನು ಮಾಡುವ ಕೆಲಸವು ಪ್ರಾರಂಭವಾಯಿತು. ಕಾನ್ಸಿನೋ ಎಂಬ ಹೆಸರು ಸ್ಪೆಯಿನಿನದೆಂದು ಕೇಳುತ್ತಲೇ ತಿಳಿಯುತ್ತದೆ. ಅದು ಬೇಡವೆಂದು ತಾಯಿಯ ಮನೆತನದ ಹೆಸರನ್ನು ಇಟ್ಟರು. ಹಣೆಯು ಕಿರಿದೆಂದು, ವಿದ್ಯುಚ್ಛಕ್ತಿಯಿಂದ ಕೂದಲಿನ ಬುಡವನ್ನು ಒಂದೊಂದಾಗಿ ಸುಟ್ಟು ಕೀಳುವ ವೇದನಾಕರವಾದ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ನಡೆಸಿ, ಹಣೆಯ ಅಂಚನ್ನು ಹಿಂದಕ್ಕೆ ಸರಿಸಿದರು. ತಂದೆಯು ಕಪ್ಪಾಗಿಸಿದ್ದ ಕೂದಲನ್ನು ತಾಮ್ರವರ್ಣಕ್ಕೆ ತಿರುಗಿಸಿದರು. ಸ್ಪೆಯಿನಿನ ಹುಡುಗಿ ಮಾಯವಾದಳು; ಅಮೆರಿಕಾದ ಹುಡುಗಿ ಸಿದ್ಧವಾದಳು.

ಇಲ್ಲಿ ವಾಚಕರು ಒಂದು ಸ್ವಾರಸ್ಯವನ್ನು ಗಮನಿಸಬೇಕು. ಇಷ್ಟೆಲ್ಲ ಶ್ರಮಪಟ್ಟು ಆಕೆಯ ಜನ್ಮಚಿಹ್ನೆಗಳನ್ನು ಅಳಿಸಿದವರೇ ಅನಂತರ ಆಕೆಗೆ ಯಾವ ಪಾತ್ರಗಳನ್ನು ಕೊಟ್ಟರು? ೧೯೪೧ರ ‘ಬ್ಲಡ್ ಅಂಡ್ ಸ್ಯಾಂಡ್’ ಚಿತ್ರದಲ್ಲಿ ಡೋನ್ಯಾ ಸೋಲ್ ಎಂಬ ಸ್ಪೆಯಿನಿನ ಸಿರಿವಂತೆ. ೧೯೪೨ರ ‘ಯೂ ವರ್ ನೆವರ್ ಲವ್ಲಿಯರ್’ ಚಿತ್ರದಲ್ಲಿ ಬ್ಯೂನಸ್ ಐರಿಸ್ ಪಟ್ಟಣದ ಮರಿಯಾ ಎಂಬ ಕನ್ಯೆ. ೧೯೪೮ರಲ್ಲಿ ಸಾಕ್ಷಾತ್ ಕಾರ್ಮೆನ್! ಅಂದರೆ ಹುಟ್ಟಿನಿಂದ ಬಂದ ಸ್ಪೆಯಿನಿನತನವು ಅವಲಕ್ಷಣ. ಕಂಪೆನಿಯವರು ಬಾಡಿಗೆಗೆ ತೊಡಿಸಿದ ಸ್ಪೆಯಿನಿನತನವು ಆಕರ್ಷಣೆ. ತಾನು ಆಳಿದ ನಾಡುಗಳ ಜನರಿಗೆ ಅವರ ಉಡುಪು ನಾಚಿಕೆಗೇಡೆಂದು ಕಲಿಸಿ, ಅದೇ ಉಡುಪನ್ನು ತಮ್ಮ ವೇಷದ ಕೂಟಗಳಿಗೆ ತೊಟ್ಟುಕೊಂಡು ಹೋಗುತ್ತಿದ್ದ ದೊರೆಗಳನ್ನು ಕಂಡ ನಮ್ಮ ನಾಡಿಗೆ ಈ ವ್ಯಾಪಾರವು ಅಪರಿಚಿತವಾದುದಲ್ಲ.

೧೯೩೯ರ ‘ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್’ ಚಿತ್ರದಲ್ಲಿ ಆಕೆಗೆ ಮೊದಲ ಬಾರಿಗೆ ತಕ್ಕಷ್ಟು ಪಾತ್ರ ದೊರೆಯಿತು. ಆದರೆ ಆಕೆಯ ನಿಜವಾದ ಯೋಗ್ಯತೆಯು ಹೊರಬಿದ್ದುದು ೧೯೪೧ರ ‘ಯೂವಿಲ್ ನೆವರ್ ಗೆಟ್ ರಿಚ್’ ಚಿತ್ರದಲ್ಲಿ, ಫ್ರೆಡ್ ಆಸ್ಟೇರನ ಜೊತೆಯಲ್ಲಿ. ಆಸ್ಟೇರನು ಅಮೆರಿಕಾದ ಚಿತ್ರರಂಗದ ನರ್ತಕರಲ್ಲಿ ಅಗ್ರಗಣ್ಯನು. ಅವನೂ ಬಾಲ್ಯದಲ್ಲಿ ತನ್ನ ಅಕ್ಕ ಅಡೆಲ್ಲಳೊಡನೆ ವಿನೋದ ರಂಗಭೂಮಿಯಲ್ಲಿ ಕುಣಿದೇ ಬೆಳೆದವನು. ಎರಡು ಹಳೆಯ ರಂಗಮನೆತನಗಳ ಪಾಠವು ಇಲ್ಲಿ ಒಂದಾಯಿತು. ಹೆಜ್ಜೆಯ ಚುರುಕು ಅನೇಕರಿಗೆ ಸಾಧ್ಯ. ಹೇವರ್ತಳಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣುವುದು ಕೈಗಳು, ಭುಜಗಳು, ಬೆನ್ನು. ಸ್ಪೆಯಿನಿನ ನೃತ್ಯದಲ್ಲಿ ಪಾದವು ತಾಳವನ್ನು ಹಿಡಿದರೆ ಭಾವವೆಲ್ಲ ಸೊಂಟದ ಮೇಲಿನ ಶರೀರದಲ್ಲಿರುತ್ತದೆ. ಹೆಸರು ಹೋಗಿ, ಕೂದಲಿನ ಬಣ್ಣ ಹೋಗಿ, ಹಣೆಯೂ ಬದಲಾದರೂ ಅಜ್ಜನ ವಿದ್ಯೆಯು ಮೈಯಲ್ಲಿ ಉಳಿದುಕೊಂಡಿತ್ತು. ಅದನ್ನು ಕೀಳುವ ಯಂತ್ರವು ಕೋನನ ಬಳಿ ಇರಲಿಲ್ಲ. ಮಾರನೆಯ ವರ್ಷ ಇಬ್ಬರೂ ಜೆರೋಮ್ ಕರ್ನನ ಸಂಗೀತಕ್ಕೆ ಮತ್ತೆ ಕುಣಿದರು. ೧೯೪೪ರ ‘ಕವರ್ ಗರ್ಲ್’ ಚಿತ್ರದಲ್ಲಿ ಜೀನ್ ಕೆಲಿಯೊಡನೆ ಕುಣಿದಳು. ಆ ಕಾಲದ ಈ ಇಬ್ಬರು ಮಹಾನರ್ತಕರೊಡನೆಯೂ ಸರಿಸಮವಾಗಿ ಹೆಜ್ಜೆಹಾಕಿದ ನಟಿಯರು ಬೆರಳೆಣಿಕೆಯಷ್ಟು ಮಂದಿ.

ಹಾಡಿನ ವಿಷಯ ಬೇರೆ. ಆಕೆಯ ಚಿತ್ರಗಳಲ್ಲಿ ಕೇಳಿಬರುವ ಕಂಠವು ಬಹುಮಟ್ಟಿಗೆ ಆಕೆಯದಲ್ಲ. ನ್ಯಾನ್ ವಿನ್, ಮಾರ್ಥಾ ಮಿಯರ್ಸ್, ಅನಿಟಾ ಎಲಿಸ್, ಜೋ ಆನ್ ಗ್ರೀರ್ ಎಂಬ ಗಾಯಕಿಯರು ಬೇರೆಬೇರೆ ಚಿತ್ರಗಳಲ್ಲಿ ಹಾಡಿದರು. ಹಾಡಿದವರ ಹೆಸರನ್ನು ಕಂಪೆನಿಯು ತೆರೆಯ ಮೇಲೆ ಕಾಣಿಸುತ್ತಿರಲಿಲ್ಲ. ಆಕೆಗೆ ಹಾಡನ್ನು ಕಲಿಸಿ ತಯಾರು ಮಾಡಿಸಿರೆಂದು ಆಕೆಯೇ ಕೇಳಿಕೊಂಡರೂ ಕೋನನು ಅದಕ್ಕೆ ದುಡ್ಡು ಬಿಚ್ಚಲಿಲ್ಲವೆನ್ನುತ್ತಾರೆ.

‘ಗಿಲ್ಡಾ’ ಚಿತ್ರದ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಮ್ಮ ದೇಶಕ್ಕೆ ಅದರಲ್ಲಿ ಒಂದು ಪಾಲಿದೆ. ಆ ಚಿತ್ರದಲ್ಲಿ ಕಪ್ಪು ರೇಷ್ಮೆಯ ಉಡುಪನ್ನು ತೊಟ್ಟು, ಉದ್ದನೆಯ ಕೈಚೀಲವನ್ನು ಮೆಲ್ಲಮೆಲ್ಲನೆ ಕಳಚುತ್ತ ಆಕೆಯು ಮಾಡುವ ನೃತ್ಯವು ಲೋಕಪ್ರಸಿದ್ಧವಾದುದು. ನೀತಿವಂತರು ಅದನ್ನು ಬೈದರು, ಬೈಯುವುದಕ್ಕಾಗಿಯೇ ಎರಡೆರಡು ಸಲ ನೋಡಿದರು. ಅದನ್ನು ಸಂಯೋಜಿಸಿದವನು ಜಾಕ್ ಕೋಲ್. ಇವನು ೧೯೨೫-೨೬ರಲ್ಲಿ ಭಾರತವೂ ಸೇರಿದಂತೆ ಏಷ್ಯಾಖಂಡದಲ್ಲೆಲ್ಲ ಸಂಚರಿಸಿ ಹೋಗಿದ್ದ ರೂತ್ ಸೇಂಟ್ ಡೆನಿಸಳ ನೃತ್ಯಮಂಡಲಿಯಲ್ಲಿ ತರಬೇತಾದವನು; ಭರತನಾಟ್ಯವನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ, ಅದರ ಕಣ್ಣು, ಕತ್ತು, ಕೈಬೆರಳುಗಳ ಚಲನೆಯನ್ನು ಅಮೆರಿಕಾದ ಜಾಜ್ ವಾದ್ಯಕ್ಕೆ ಹೊಂದಿಸಿ ಕುಣಿಸಿದವನು. ದೇವಾಲಯದ ನೃತ್ಯವನ್ನು ಮದ್ಯಶಾಲೆಗೆ ಇಳಿಸಿದನೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಅದೇ ದಶಕಗಳಲ್ಲಿ ನಮ್ಮ ವಿದ್ಯಾವಂತರಲ್ಲಿ ಅನೇಕರು ಅದೇ ವಿದ್ಯೆಯನ್ನು ಕುಲಸ್ತ್ರೀಯರು ನೋಡಲೂ ಬಾರದ ವಸ್ತುವೆಂದು ತಳ್ಳಿ, ಅದನ್ನು ಕಾಪಾಡಿಕೊಂಡು ಬಂದ ಹೆಂಗಸರನ್ನು ಅನ್ನವಿಲ್ಲದಂತೆ ಮಾಡುತ್ತಿದ್ದರೆಂಬುದನ್ನೂ ಮರೆಯಲಾಗದು. ಪರದೇಶಿಯು ಹಣ ಕೊಟ್ಟು ಕಲಿತನು. ನಾವು ಹಣ ಕೊಡದೆ ಬಿಟ್ಟೆವು.

ಮಹಾಯುದ್ಧದ ಕಾಲದಲ್ಲಿ ಹೇವರ್ತಳ ಕೀರ್ತಿಯು ಪರಾಕಾಷ್ಠೆಯನ್ನು ಮುಟ್ಟಿತು. ೧೯೪೧ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆಯು ಅಚ್ಚು ಹಾಕಿದ ಆಕೆಯ ಭಾವಚಿತ್ರವು ಸಿಪಾಯಿಗಳ ಪೆಟ್ಟಿಗೆಗಳಲ್ಲಿ, ಹಡಗುಗಳ ಗೋಡೆಗಳ ಮೇಲೆ ಎಲ್ಲೆಲ್ಲಿಯೂ ಇತ್ತು. ಜಡ್ಸನನಿಂದ ಬಿಡುಗಡೆ ಪಡೆದು, ೧೯೪೩ರಲ್ಲಿ ಆರ್ಸನ್ ವೆಲ್ಸನನ್ನು ವರಿಸಿದಳು. ವೆಲ್ಸನು ಪ್ರತಿಭಾಶಾಲಿ, ಸಂಸಾರಕ್ಕೆ ಹೇಳಿಸಿದವನಲ್ಲ. ೧೯೪೪ರಲ್ಲಿ ರೆಬೆಕ್ಕಾ ಎಂಬ ಮಗಳು ಹುಟ್ಟಿದಳು. ‘ದಿ ಲೇಡಿ ಫ್ರಮ್ ಶಾಂಘೈ’ ಎಂಬ ತನ್ನ ಚಿತ್ರಕ್ಕಾಗಿ ಅವನು ಆಕೆಯ ಸುಪ್ರಸಿದ್ಧವಾದ ನೀಳಗೂದಲನ್ನು ಕತ್ತರಿಸಿ ಬಿಳಿಹೊಂಬಣ್ಣ ಹಚ್ಚಿಸಿದಾಗ, ತನ್ನ ಸ್ವತ್ತನ್ನು ಹಾಳುಮಾಡಿದರೆಂದು ಕೋನನು ಹೌಹಾರಿದನು. ಒಬ್ಬಳೇ ಸ್ತ್ರೀಯ ತಲೆಗೆ ತಂದೆಯದು ಒಂದು ಬಣ್ಣ, ಯಜಮಾನನದು ಒಂದು, ಗಂಡನದು ಒಂದು! ಆಕೆಗೆ ಯಾವ ಬಣ್ಣವು ಇಷ್ಟವಾಗಿತ್ತೆಂದು ಕೇಳಿದವರಿದ್ದಂತೆ ಕಾಣುವುದಿಲ್ಲ.

ಕರಾರೆಂಬುದರ ಸ್ವರೂಪವನ್ನು ಕುರಿತು ಎರಡು ಮಾತು. ಅಂದಿನ ಕಂಪೆನಿಗಳು ನಟನಟಿಯರನ್ನು ಏಳು ವರ್ಷಗಳಿಗೆ ಕಟ್ಟಿಹಾಕುತ್ತಿದ್ದುವು. ಕಂಪೆನಿಗೆ ಬೇಡವಾದರೆ ನಡುವೆ ಬಿಡಬಹುದು. ನಟಿಗೆ ಬೇಡವಾದರೆ ಬಿಡುವಂತಿಲ್ಲ. ಕೊಟ್ಟ ಪಾತ್ರವನ್ನು ಒಲ್ಲೆನೆಂದರೆ ಸಂಬಳವಿಲ್ಲದೆ ಅಮಾನತು. ಅಮಾನತಿನ ದಿನಗಳನ್ನು ಮತ್ತೆ ಏಳು ವರ್ಷಗಳ ಕೊನೆಗೆ ಸೇರಿಸುವುದು. ಎತ್ತನ್ನು ಉಳುವುದಕ್ಕೆ ಬಾಡಿಗೆಗೆ ಕೊಡುವಂತೆ ಬೇರೆ ಕಂಪೆನಿಗಳಿಗೆ ಕೊಡುವುದೂ ಉಂಟು; ಹೇವರ್ತಳನ್ನು ವಾರ್ನರ್ ಕಂಪೆನಿಗೂ ಫಾಕ್ಸ್ ಕಂಪೆನಿಗೂ ಕೊಲಂಬಿಯಾದವರು ಹೀಗೆಯೇ ಕೊಟ್ಟರು. ವಾರ್ನರ್ ಕಂಪೆನಿಯ ‘ಸ್ಟ್ರಾಬೆರಿ ಬ್ಲಾಂಡ್’ ಚಿತ್ರದಲ್ಲಿ ಆಕೆಯೊಡನೆ ನಟಿಸಿದ ಒಲಿವಿಯಾ ಡಿ ಹ್ಯಾವಿಲಂಡ್ ಎಂಬ ಧೀರೆಯು ಈ ಪದ್ಧತಿಯ ಮೇಲೆ ನ್ಯಾಯಸ್ಥಾನಕ್ಕೆ ಹೋದಳು. ಏಳು ವರ್ಷವೆಂದರೆ ಪಂಚಾಂಗದ ಏಳೇ ವರ್ಷ, ಅದಕ್ಕೆ ಅಮಾನತಿನ ದಿನಗಳನ್ನು ಸೇರಿಸಕೂಡದೆಂದು ೧೯೪೪ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿಯ ನ್ಯಾಯಾಲಯವು ತೀರ್ಪಿತ್ತಿತು. ಹೇವರ್ತಳು ಬೇರೆ ದಾರಿಯನ್ನು ಹಿಡಿದಳು. ‘ಬೆಕ್ವರ್ತ್’ ಎಂದು ಮಗಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಸ್ವಂತ ಸಂಸ್ಥೆಯನ್ನು ಕಟ್ಟಿ, ತನ್ನ ಚಿತ್ರಗಳ ಲಾಭದಲ್ಲಿ ಪಾಲನ್ನು ಕೇಳಿ ಪಡೆದಳು. ಮೌನಿಯೆಂದೂ ಅಂಜುಬುರುಕಿಯೆಂದೂ ಹೆಸರಾದವಳಿಗೆ ಇದು ಸಣ್ಣ ಸಾಹಸವಲ್ಲ.

೧೯೪೯ನೆಯ ಇಸವಿ ಮೇ ೨೭ರಂದು ಫ್ರಾನ್ಸ್ ದೇಶದ ವಾಲೋರಿಸ್ ಎಂಬ ಊರಿನಲ್ಲಿ ಆಕೆಯು ಅಲೀಖಾನನನ್ನು ಮದುವೆಯಾದಳು. ವರನ ತಂದೆಯಾದ ಮೂರನೆಯ ಆಗಾಖಾನರನ್ನು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ೧೯೦೬ರಲ್ಲಿ ಸಿಮ್ಲಾದಲ್ಲಿ ಮಿಂಟೋ ಪ್ರಭುವನ್ನು ಕಂಡು ಪ್ರತ್ಯೇಕ ಮತದಾನದ ಹಕ್ಕನ್ನು ಬೇಡಿದ ನಿಯೋಗದ ಮುಖಂಡರು ಇವರೇ. ೧೯೪೬ರಲ್ಲಿ ಮುಂಬಯಿಯಲ್ಲಿ ಅನುಯಾಯಿಗಳು ವಜ್ರಗಳಿಂದ ತುಲಾಭಾರ ಮಾಡಿದುದೂ ಇವರಿಗೇ. ಪುಣೆಯಲ್ಲಿ ಇವರ ಅರಮನೆಯಲ್ಲಿಯೇ ೧೯೪೨ರ ಆಗಸ್ಟಿನಿಂದ ೧೯೪೪ರ ಮೇ ತಿಂಗಳವರೆಗೆ ಮಹಾತ್ಮರನ್ನು ಬಂಧನದಲ್ಲಿಟ್ಟಿದ್ದರು. ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ಅಲ್ಲಿಯೇ ದೇಹವನ್ನು ಬಿಟ್ಟರು. ಆ ಮನೆತನದ ಸೊಸೆಯಾಗಿ ಬ್ರೂಕ್ಲಿನ್ನಿನ ನರ್ತಕಿಯು ಬಂದಳೆಂಬುದು ವಿಧಿಯ ವೈಚಿತ್ರ್ಯ. ಅತ್ತೆಯಾಗಬೇಕಾಗಿದ್ದವಳು, ಅಷ್ಟರಲ್ಲಿ ಎಂದೋ ಕಾಲವಾಗಿದ್ದ ಅಲೀಖಾನನ ತಾಯಿಯೂ ಮಾಂಟೆ ಕಾರ್ಲೋದಲ್ಲಿ ಕುಣಿಯುತ್ತಿದ್ದ ಇಟಲಿಯ ನರ್ತಕಿಯೇ.

ವಿವಾಹದ ದಿನ ಕೊಳದ ನೀರಿಗೆ ಸುಗಂಧದ್ರವ್ಯವನ್ನು ಸುರಿದಿದ್ದರೆಂದು ಪತ್ರಿಕೆಗಳು ಬರೆದುವು. ಸುಗಂಧವು ಬಹುದಿನ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಯಾಸ್ಮಿನ್ ಎಂಬ ಮಗಳು ಹುಟ್ಟಿದಳು. ಅಲೀಖಾನನು ಕುದುರೆ ಪಂದ್ಯ, ಜೂಜು, ಪರಸ್ತ್ರೀಯರ ಸಹವಾಸಗಳನ್ನು ಬಿಡಲಿಲ್ಲ. ೧೯೫೧ರಲ್ಲಿ ಆಕೆಯು ಮಕ್ಕಳಿಬ್ಬರನ್ನೂ ಕರೆದುಕೊಂಡು ಅಮೆರಿಕಾಕ್ಕೆ ಹಿಂದಿರುಗಿದಳು, ೧೯೫೩ರಲ್ಲಿ ವಿಚ್ಛೇದನವಾಯಿತು. ೧೯೫೭ರಲ್ಲಿ ವೃದ್ಧ ಆಗಾಖಾನರು ಕಾಲವಾದಾಗ ಪೀಠವು ಮಗನಿಗೆ ಬಾರದೆ ಮೊಮ್ಮಗನಿಗೆ ಹೋಯಿತು. ಅಲೀಖಾನನು ವಿಶ್ವಸಂಸ್ಥೆಯಲ್ಲಿ ಪಾಕಿಸ್ತಾನದ ಪ್ರತಿನಿಧಿಯಾಗಿದ್ದು, ೧೯೬೦ರಲ್ಲಿ ಪ್ಯಾರಿಸ್ಸಿನ ಹತ್ತಿರ ಮೋಟಾರು ಅಪಘಾತದಲ್ಲಿ ಮಡಿದನು.

ಹಿಂದಿರುಗಿದವಳನ್ನು ಕೋನನು ಮತ್ತೆ ದುಡಿಸಿಕೊಂಡನು. ೧೯೫೩ರ ‘ಸಲೋಮೆ’ ಚಿತ್ರದಲ್ಲಿ ಸಂತ ಯೋಹಾನನ ತಲೆಯನ್ನು ಬೇಡಿದವಳೆಂದು ಪ್ರಸಿದ್ಧಳಾದ ಆ ನರ್ತಕಿಯು ಅವನ ಪ್ರಾಣವನ್ನು ಉಳಿಸುವುದಕ್ಕಾಗಿ ಕುಣಿದಳೆಂದು ತಿದ್ದಿದರು. ತಾರೆಯ ಮಾನವನ್ನು ಕಾಪಾಡುವುದಕ್ಕೆ ಬೈಬಲ್ಲನ್ನೇ ತಿದ್ದುವ ಧೈರ್ಯ ಇವರದು. ೧೯೫೭ರ ‘ಪಾಲ್ ಜೋಯಿ’ ಚಿತ್ರದಲ್ಲಿ, ತನ್ನ ಸ್ಥಾನಕ್ಕೆಂದು ಕೋನನು ತಯಾರು ಮಾಡಿದ್ದ ಕಿಮ್ ನೋವಾಕ್ ಎಂಬ ಎಳೆಯ ನಟಿಯ ಎದುರಿಗೆ ವಯಸ್ಸಾದ ಸಿರಿವಂತೆಯಾಗಿ ನಟಿಸಿದಳು. ಮರುವರ್ಷದ ‘ಸೆಪರೇಟ್ ಟೇಬಲ್ಸ್’ ಚಿತ್ರದಲ್ಲಿ ಕುಣಿತವಿಲ್ಲ, ಥಳುಕಿಲ್ಲ. ಯೌವನವು ಜಾರುತ್ತಿರುವುದನ್ನು ಕನ್ನಡಿಯಲ್ಲಿ ಕಂಡು ಬೆದರಿದ ಹೆಂಗಸಿನ ಪಾತ್ರ. ನಮ್ಮ ಅಭಿಪ್ರಾಯದಲ್ಲಿ ಆಕೆಯು ನಟಿಯೆಂಬುದಕ್ಕೆ ಇದೇ ಸಾಕ್ಷಿ. ಅದೇ ೧೯೫೮ರಲ್ಲಿ ಕೋನನು ಸತ್ತನು. ಇನ್ನೆರಡು ವಿವಾಹಗಳೂ ಮುರಿದುಬಿದ್ದುವು. ಕೊನೆಯ ಚಿತ್ರವು ೧೯೭೨ರದು.

ಅಷ್ಟು ಹೊತ್ತಿಗೆ ಆಕೆಗೆ ಮಾತುಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬಾಲ್ಯದಿಂದ ನೂರಾರು ನೃತ್ಯಗಳನ್ನು ಒಮ್ಮೆ ತೋರಿಸಿದರೆ ಗ್ರಹಿಸುತ್ತಿದ್ದವಳು, ನಾಟಕದ ಒಂದು ಪಾತ್ರವನ್ನು ಒಪ್ಪಿಕೊಂಡು, ಸಾಲುಗಳು ಬಾರದೆ ಬಿಡಬೇಕಾಯಿತು. ಕುಡಿತವೇ ಕಾರಣವೆಂದು ಎಲ್ಲರೂ ಆಡಿಕೊಂಡರು. ೧೯೭೬ರಲ್ಲಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ, ದಿಗ್ಭ್ರಮೆಗೊಂಡು ಕೂದಲು ಕೆದರಿದ ಸ್ಥಿತಿಯಲ್ಲಿ ಆಕೆಯನ್ನು ವಿಮಾನದಿಂದ ಇಳಿಸಿಕೊಂಡು ಬರುವಾಗ, ನಮ್ಮ ವೃತ್ತಿಬಾಂಧವರು ಚಿತ್ರಗಳನ್ನು ತೆಗೆದು ಲೋಕದಲ್ಲೆಲ್ಲ ಅಚ್ಚು ಹಾಕಿಸಿದರು. ಮೂವತ್ತೈದು ವರ್ಷಗಳ ಹಿಂದೆ ಆಕೆಯ ಚಿತ್ರವನ್ನು ಮಾರಿ ಹಣ ಮಾಡಿದ ವೃತ್ತಿಯೇ ಈಗಲೂ ಮಾರಿತು; ಆಗ ಸೌಂದರ್ಯವನ್ನು, ಈಗ ದುರವಸ್ಥೆಯನ್ನು.

ಕಾರಣವು ಕುಡಿತವಲ್ಲ, ವ್ಯಾಧಿ. ಮಿದುಳಿನ ಜೀವಕೋಶಗಳು ಒಂದೊಂದಾಗಿ ನಶಿಸಿ, ನೆನಪು, ಭಾಷೆ, ಕೊನೆಗೆ ಸ್ವಂತ ಮಕ್ಕಳ ಗುರುತು ಸಹ ಅಳಿಸಿಹೋಗುವ ಈ ರೋಗವನ್ನು ೧೯೦೬ರಲ್ಲಿಯೇ ಅಲ್ಜೈಮರ್ ಎಂಬ ಜರ್ಮನ್ ವೈದ್ಯನು ವರ್ಣಿಸಿದ್ದನು. ಆದರೂ ಎಪ್ಪತ್ತು ವರ್ಷಗಳು ಕಳೆದರೂ ಅದರ ಹೆಸರನ್ನು ಸಾಮಾನ್ಯ ಜನರು ಕೇಳಿರಲಿಲ್ಲ. ಮುದುಕರಿಗೆ ಅರಳುಮರಳು ಸಹಜವೆಂದೇ ತಿಳಿದಿದ್ದರು. ೧೯೮೦ರಲ್ಲಿ ಹೇವರ್ತಳ ರೋಗವನ್ನು ವೈದ್ಯರು ಗುರುತಿಸಿದರು. ಮಾರನೆಯ ವರ್ಷ ನ್ಯಾಯಾಲಯವು ಆಕೆಯನ್ನು ಮಗಳಾದ ಯಾಸ್ಮಿನಳ ಪೋಷಣೆಗೆ ಒಪ್ಪಿಸಿತು. ಮಗಳು ತಾಯಿಯನ್ನು ನ್ಯೂಯಾರ್ಕಿಗೆ ಕರೆತಂದು, ತನ್ನ ಮನೆಯ ಪಕ್ಕದಲ್ಲಿಯೇ ಇರಿಸಿಕೊಂಡು ನೋಡಿಕೊಂಡಳು. ರೋಗವನ್ನು ಮುಚ್ಚಿಡದೆ ಲೋಕಕ್ಕೆ ಹೇಳಿದಳು. ೧೯೮೫ರಿಂದ ತಾಯಿಯ ಹೆಸರಿನಲ್ಲಿ ವಾರ್ಷಿಕ ಕೂಟಗಳನ್ನು ನಡೆಸಿ, ಈ ರೋಗದ ಸಂಶೋಧನೆಗೂ ರೋಗಿಗಳ ಶುಶ್ರೂಷೆಗೂ ಕೋಟ್ಯಂತರ ಡಾಲರುಗಳನ್ನು ಕೂಡಿಸಿದಳು. ಎಷ್ಟೋ ಮನೆಗಳಲ್ಲಿ ತಂದೆತಾಯಿಗಳ ವಿಚಿತ್ರ ವರ್ತನೆಗೆ ಹಟವೆಂದೋ ಗ್ರಹಚಾರವೆಂದೋ ಹೆಸರಿಟ್ಟು ಬಯ್ಯುತ್ತಿದ್ದವರು, ಅದು ರೋಗವೆಂದು ಮೊದಲು ತಿಳಿದುದು ಈ ನಟಿಯ ಸುದ್ದಿಯನ್ನು ಓದಿ. ೧೯೮೭ನೆಯ ಇಸವಿ ಮೇ ೧೪ರಂದು, ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಹೇವರ್ತಳು ತೀರಿಕೊಂಡಳು.

ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ೧೯೮೩ರಲ್ಲಿ, ನ್ಯೂಯಾರ್ಕ್ ನಗರದ ಬ್ಯಾಲೆ ಮಂಡಲಿಗಾಗಿ ಜೆರೋಮ್ ರಾಬಿನ್ಸ್ ಎಂಬ ಪ್ರಸಿದ್ಧ ನೃತ್ಯಸಂಯೋಜಕನು ಒಂದು ಹೊಸ ಕೃತಿಯನ್ನು ರಚಿಸಿದ್ದನು. ಆಸ್ಟೇರನೂ ಹೇವರ್ತಳೂ ೧೯೪೨ರಲ್ಲಿ ಕುಣಿದ ಒಂದು ನೃತ್ಯವನ್ನು ಮೊದಲು ರಂಗದ ಮೇಲೆ ತೆರೆಯಲ್ಲಿ ತೋರಿಸಿ, ಅದರ ಒಂದೊಂದು ಹೆಜ್ಜೆಯನ್ನೂ ಬಿಡಿಸಿ, ಬೆಳೆಸಿ, ನಮ್ಮ ವಿದ್ವಾಂಸರು ಪಲ್ಲವಿಯನ್ನು ವಿಸ್ತರಿಸುವಂತೆ ವಿಸ್ತರಿಸಿದ್ದನು. ಆ ದೇಶದ ಅತ್ಯುತ್ತಮ ನರ್ತಕರು ಆ ಹಳೆಯ ಚಿತ್ರದ ತುಣುಕನ್ನು ಪಾಠವಾಗಿಟ್ಟುಕೊಂಡು ಅಭ್ಯಾಸಮಾಡಿದರು. ಹೆಜ್ಜೆಗಳ ಒಡತಿಯು ಅದೇ ನಗರದಲ್ಲಿ, ಮಗಳ ಪಕ್ಕದ ಮನೆಯಲ್ಲಿ, ಕಿಟಕಿಯ ಬಳಿ ಕುಳಿತಿದ್ದಳು.